ಕಾಗೆ ಮುಟ್ಟಿದ ಭಾನುವಾರ

ನಮ್ಮ ಮನೆಗೆ ಮೊದಲ ಸಲ ಬಂದವರು ಕೇಳುವ ಪ್ರಶ್ನೆ ಒಂದೇ: “ಗಾಡಿ ಎಲ್ಲಿ?” ಬಾಗಿಲ ಪಕ್ಕದ ಮೊಳೆಯಲ್ಲಿ ಹೆಲ್ಮೆಟ್ ನೇತಾಡುತ್ತಿರುತ್ತದೆ, ಗಾಡಿ ಮಾತ್ರ ಎಲ್ಲೂ ಕಾಣುವುದಿಲ್ಲ. ಗಾಡಿ ಓಡಿಸಲು ನನಗೆ ಬರುವುದೂ ಇಲ್ಲ. ವಯಸ್ಸಿನಲ್ಲಿ ಒಂದು ಸಲ ಕಲಿಯಲು ಹೋಗಿ, ಹೊಸಕೋಟೆ ಕೆರೆ ಏರಿಯ ಮೇಲೆ ತನ್ನ ಪಾಡಿಗೆ ತಾನು ನಿಂತಿದ್ದ ಎಮ್ಮೆಗೆ ಗುದ್ದಿ, ಅದು ತಿರುಗಿ ನೋಡಿದ ನೋಟಕ್ಕೇ ಹೆದರಿ ಆ ವಿದ್ಯೆಯನ್ನು ಅಲ್ಲಿಗೇ ಕೈಬಿಟ್ಟವನು ನಾನು. ಹೆಲ್ಮೆಟ್ ಇರುವುದು ನಡೆಯುವುದಕ್ಕೆ. ನಮ್ಮ ಗೇಟಿನಿಂದ ಫ್ಯಾಕ್ಟರಿ ಬಸ್ಸು ನಿಲ್ಲುವ ತಿರುವಿನವರೆಗೆ ನಡೆದುಹೋಗುವುದಕ್ಕೆ. ಹೀಗೆಂದು ಹೇಳಿದರೆ ಬಂದವರು ನನ್ನನ್ನು ಬಿಟ್ಟು ನನ್ನ ಹೆಂಡತಿ ಸುಜಾತಳ ಮುಖ ನೋಡುತ್ತಾರೆ. ಅವಳು ಒಂದೇ ಮಾತಿನಲ್ಲಿ, “ಕಾಗೆ” ಎಂದು ಹೇಳಿ ಕಾಫಿ ತರಲು ಒಳಗೆ ಹೋಗಿಬಿಡುತ್ತಾಳೆ. ಉಳಿದದ್ದನ್ನು ನಾನೇ ಹೇಳಬೇಕು. ಎಷ್ಟು ಸಲ ಹೇಳಲಿ? ಈಗ ಬರೆದೇ ಇಟ್ಟುಬಿಡುತ್ತೇನೆ, ಓದಿಕೊಳ್ಳಿ.

ಕಾಗೆಗಳ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ. ಹೊಸಕೋಟೆಯಲ್ಲಿ ಮನೆಗಳು ಹೆಚ್ಚಿದಂತೆ ಗುಬ್ಬಿಗಳು ಹೋದವು, ಗಿಳಿಗಳು ಹೋದವು, ಕೆರೆಯ ಕೊಕ್ಕರೆಗಳೂ ಮುಖ ತಿರುಗಿಸಿಕೊಂಡು ಹೋದವು. ಕಾಗೆ ಮಾತ್ರ ನಮಗಿಂತ ಮೊದಲೇ ಊರಿಗೆ ಹೊಂದಿಕೊಂಡಿತು. ಕಸದ ಗಾಡಿ ಯಾವ ಬೀದಿಗೆ ಯಾವಾಗ ಬರುತ್ತದೆ ಎಂದು ನಮಗೆ ಇನ್ನೂ ಸರಿಯಾಗಿ ಗೊತ್ತಿಲ್ಲ, ಅದಕ್ಕೆ ಗೊತ್ತು. ಕೋಳಿ ಅಂಗಡಿ ಯಾವತ್ತು ರಜ, ಸ್ಕೂಲಿನ ಮಕ್ಕಳು ಟಿಫನ್ ಡಬ್ಬಿ ತೆರೆಯುವುದು ಯಾವಾಗ, ಯಾವ ಹೋಟೆಲಿನವನು ಹಳಸಿದ ಇಡ್ಲಿಯನ್ನು ಹಿಂಬಾಗಿಲಲ್ಲಿ ಸುರಿಯುತ್ತಾನೆ, ಎಲ್ಲವೂ ಗೊತ್ತು. ಒಂದು ದಿನ ಒಂದು ಕಾಗೆ ಎಲ್ಲಿಂದಲೋ ಒಣಗಿ ತಗಡಿನಂತಾಗಿದ್ದ ಚಪಾತಿ ತಂದು, ಅವ್ವ ತುಳಸಿಕಟ್ಟೆಯ ಮುಂದೆ ಇಟ್ಟಿದ್ದ ಚೊಂಬಿನ ನೀರಿನಲ್ಲಿ ಅದ್ದಿ, ಮೆತ್ತಗಾಗುವವರೆಗೆ ಕಾದು, ಆಮೇಲೆ ತಿಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಲ್ಲಿಲ್ಲದ ನನ್ನ ಸೋದರಮಾವ ರಸ್ಕನ್ನು ಕಾಫಿಗೆ ಅದ್ದುವಾಗಲೂ ಅಷ್ಟು ತಾಳ್ಮೆ ತೋರಿಸಿದವನಲ್ಲ.

ಚಿಕ್ಕಂದಿನಲ್ಲೂ ನಮಗೂ ಕಾಗೆಗೂ ಅಷ್ಟಕ್ಕಷ್ಟೇ. ನಮ್ಮೂರು ಸೂಲಿಬೆಲೆ ಕಡೆ. ಅಂಗಳದಲ್ಲಿ ಹಪ್ಪಳವೋ ಕಡಲೆಕಾಯೋ ಒಣಗಲು ಹಾಕಿದರೆ ನನ್ನನ್ನೂ ಅಣ್ಣ ನಂಜಣ್ಣನನ್ನೂ ಕೋಲು ಕೊಟ್ಟು ಕಾವಲಿಗೆ ಕೂರಿಸುತ್ತಿದ್ದರು. ನಂಜಣ್ಣ ಕಾಗೆಯ ಕೂಗನ್ನು ಥೇಟ್ ಕಾಗೆಯಂತೆಯೇ ಕೂಗುತ್ತಿದ್ದ. ಮನೆಯ ಮುಂದೆ ಕಾಗೆ ಬಿಡದೆ ಕೂಗಿದರೆ ನೆಂಟರು ಬರುತ್ತಾರೆಂಬುದು ನಮ್ಮ ಅಜ್ಜಿಯ ಲೆಕ್ಕಾಚಾರ. ಅವಳು ಒಳಗೆ ಎಸರಿಡುವ ಹೊತ್ತಿಗೆ ಸರಿಯಾಗಿ ಇವನು ಹುಣಸೆಮರದ ಹಿಂದೆ ನಿಂತು ಕೂಗುವನು. ಅಜ್ಜಿ ಇನ್ನೊಂದು ಸೇರು ಹಿಟ್ಟು ಹೆಚ್ಚಾಗಿ ಹಾಕುವಳು, ಒಬ್ಬಟ್ಟಿನ ಮಾತೂ ಎತ್ತುವಳು. ನೆಂಟರು ಬರುತ್ತಿರಲಿಲ್ಲ. ಅಷ್ಟನ್ನೂ ನಾವೇ ಮುಗಿಸಬೇಕಾಗುತ್ತಿತ್ತು. ನಂಜಣ್ಣ ಮುಗಿಸುತ್ತಿದ್ದ. ನಾನು ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದೆ.

ಅದು ಹಾಗಿರಲಿ. ಈಗಿನ ಕಥೆ ಶುರುವಾದದ್ದು ಈ ಬೇಸಿಗೆಯಲ್ಲಿ. ನಮ್ಮ ಗೇಟಿನ ಎದುರಿಗೆ ಒಂದು ಹೊಂಗೆಮರ ಇದೆ. ಅದರಲ್ಲಿ ಒಂದು ಜೋಡಿ ಕಾಗೆ ಗೂಡು ಕಟ್ಟಿದವು. ಕಡ್ಡಿಯ ಗೂಡೇನಲ್ಲ. ಕಬ್ಬಿಣದ ಕೆಲಸದವರು ಕಂಬಿ ಕಟ್ಟುವ ವೈರು, ಮುರಿದ ಬಟ್ಟೆ ಹ್ಯಾಂಗರು, ಯಾರದೋ ಕನ್ನಡಕದ ಒಂದು ಕಾಲು, ಮಧ್ಯೆ ಮಧ್ಯೆ ನೀಲಿ ಪ್ಲಾಸ್ಟಿಕ್ ಪಟ್ಟಿ. ಆ ನೀಲಿ ಪಟ್ಟಿಯನ್ನು ನೋಡಿದೊಡನೆಯೇ ಗುರುತು ಹಿಡಿದೆ. ನಾನು ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಗುಮಾಸ್ತ. ನಮ್ಮಲ್ಲಿ ಪೆಟ್ಟಿಗೆಗಳಿಗೆ ಬಿಗಿಯುವುದು ಅದೇ ಪಟ್ಟಿ. ಒಂದು ನಟ್ಟು ಹೊರಗೆ ಹೋಗಬೇಕಾದರೂ ಗೇಟ್ ಪಾಸ್ ಮೇಲೆ ಸಹಿ ಹಾಕುವವನು ನಾನು. ಇವು ಯಾವ ಪಾಸೂ ಇಲ್ಲದೆ ನಮ್ಮ ಮಾಲನ್ನು ನನ್ನ ಮನೆಯ ಎದುರಿಗೇ ತಂದು ಮನೆ ಕಟ್ಟಿಕೊಂಡಿದ್ದವು.

ಒಂದು ಸಂಜೆ ಡ್ಯೂಟಿ ಮುಗಿಸಿ ಬಂದಾಗ ಗೂಡಿನಿಂದ ಒಂದು ಮರಿ ಕೆಳಗೆ ಬಿದ್ದಿತ್ತು. ಅಷ್ಟು ಕುರೂಪದ ಜೀವವನ್ನು ನಾನು ನೋಡಿರಲಿಲ್ಲ. ಅರ್ಧ ಪುಕ್ಕ, ಅರ್ಧ ಬೋಳು, ಮೈಗಿಂತ ದೊಡ್ಡ ಬಾಯಿ, ಬಾಯೊಳಗೆ ಕೆಂಪು. ಬೀದಿಯ ನಾಯಿ ಆಗಲೇ ಮೂಸಲು ಹತ್ತಿರ ಬರುತ್ತಿತ್ತು.

ಸುಜಾತ ಬಾಗಿಲಲ್ಲೇ ನಿಂತು, “ಮುಟ್ಬೇಡ್ರೀ, ಅದರಮ್ಮ ನೋಡ್ಕೊಳ್ತಾಳೆ” ಎಂದಳು.

“ಅಷ್ಟರಲ್ಲಿ ನಾಯಿ ನೋಡ್ಕೊಂಡ್ಬಿಡುತ್ತೆ” ಎಂದು ನಾನು ಟವೆಲಿನಲ್ಲಿ ಮರಿಯನ್ನು ಎತ್ತಿಕೊಂಡು, ಕಾಂಪೌಂಡು ಗೋಡೆ ಹತ್ತಿ, ಕೈಗೆ ಎಟುಕಿದ ಕವಲಿನಲ್ಲಿ ಕೂರಿಸಿದೆ. ಮಂಡಿ ತರಚಿತು. ಅಪ್ಪ ಅಮ್ಮ ಕಾಗೆಗಳೆರಡೂ ಕೇಬಲ್ ವೈರಿನ ಮೇಲೆ ಕೂತು ಗಂಟಲು ಹರಿಯುವ ಹಾಗೆ ಅರಚುತ್ತಿದ್ದವು. ಕೃತಜ್ಞತೆ ಹೇಳುತ್ತಿರಬಹುದು ಎಂದುಕೊಂಡೆ. ಆ ರಾತ್ರಿ ಒಂದು ಮುದ್ದೆ ಹೆಚ್ಚಾಗಿಯೇ ಉಂಡೆ.

ಮರುದಿನ ಬೆಳಿಗ್ಗೆ ಗೇಟು ದಾಟಿದ್ದೇ ತಡ, ಹಿಂದಿನಿಂದ ತಲೆಗೆ ಫಟಾರನೆ ಒಂದು ಏಟು ಬಿತ್ತು. ಇಲ್ಲಿ ನನ್ನ ತಲೆಯ ವಿಷಯವನ್ನೂ ಹೇಳಬೇಕು. ಮೂವತ್ತು ದಾಟುವಾಗಲೇ ಕೂದಲು ನನ್ನನ್ನು ಬಿಟ್ಟು ಹೋಗಲು ಶುರುಮಾಡಿತು. ಈಗ ಕಿವಿಗಳ ಮೇಲೆ ಎರಡು ಪೊದೆ ಬಿಟ್ಟರೆ ಮಿಕ್ಕಿದ್ದೆಲ್ಲ ಬಯಲು. ಗುರಿ ತಪ್ಪಲು ಅವಕಾಶವೇ ಇಲ್ಲ.

ಅಂದಿನಿಂದ ದಿನವೂ ಇದೇ ಪಾಡು. ಬೀದಿಯಲ್ಲಿ ಎಷ್ಟೊಂದು ಜನ ಓಡಾಡುತ್ತಾರೆ. ಮರಕ್ಕೆ ಕಲ್ಲು ಹೊಡೆಯುವವರಿದ್ದಾರೆ, ಮರದ ಬುಡದಲ್ಲೇ ಕಸ ಸುಡುವವರಿದ್ದಾರೆ. ಅವರನ್ನೆಲ್ಲ ಬಿಟ್ಟು, ಮರಿಯ ಜೀವ ಉಳಿಸಿದ ನನ್ನೊಬ್ಬನನ್ನೇ ಅವು ಮಕ್ಕಳ ಕಳ್ಳ ಎಂದು ತೀರ್ಮಾನಿಸಿದ್ದವು. ಛತ್ರಿ ಹಿಡಿದು ಹೋದೆ. “ಮಳೆ ಬರ್ತಿದ್ಯಾ ಸಾರ್?” ಎಂದು ಪಕ್ಕದ ಮನೆಯವರು ಆಕಾಶ ನೋಡಿದರು. ಅಂಗಿ ಬದಲಾಯಿಸಿದೆ, ಕನ್ನಡಕ ತೆಗೆದೆ, ಟೋಪಿ ಹಾಕಿದೆ. ಟೋಪಿಯನ್ನು ಎತ್ತಿಕೊಂಡೇ ಹೋಯಿತು. ಕಾಂಪೌಂಡಿನ ಮೇಲೆ ಮೊಸರನ್ನ ಇಟ್ಟು ರಾಜಿಗೆ ನೋಡಿದೆ. ಮೊಸರನ್ನ ತಿಂದು, ಕೊಕ್ಕು ಒರೆಸಿಕೊಂಡು, ಬಂದು ಕುಕ್ಕಿತು.

ಕೋಲಾರಕ್ಕೆ ಮದುವೆಯಾಗಿ ಹೋಗಿರುವ ಮಗಳು ದೀಪ ಫೋನಿನಲ್ಲಿ, “ಅಪ್ಪಾ, ಕಾಗೆಗಳು ಮುಖ ನೆನಪಿಟ್ಕೊಳ್ತವಂತೆ. ವರ್ಷಗಟ್ಟಲೆ ಮರೆಯಲ್ವಂತೆ” ಎಂದು ಸಂತೋಷದ ಸುದ್ದಿ ಹೇಳುವವಳಂತೆ ಹೇಳಿದಳು. ಅಳಿಯ ತನ್ನ ಹಳೆಯ ಹೆಲ್ಮೆಟ್ ಕಳಿಸಿಕೊಟ್ಟ. ಅದನ್ನು ತೊಟ್ಟು ಮೊದಲ ದಿನ ಬಸ್ಸು ಹತ್ತಿದಾಗ ಡ್ರೈವರು ತಿರುಗಿ ನೋಡಿ, “ಯಾಕಣ್ಣ, ನನ್ ಡ್ರೈವಿಂಗ್ ಮೇಲೆ ಅಷ್ಟೂ ನಂಬಿಕೆ ಇಲ್ವಾ?” ಎಂದ. ಇಡೀ ಬಸ್ಸು ಪಿಲ್ಲಗುಂಪೆ ಬರುವವರೆಗೂ ನಕ್ಕಿತು.

ಇಷ್ಟೆಲ್ಲ ನಡೆದರೂ ಅವ್ವನಿಗೆ ಮಾತ್ರ ಗೊತ್ತಾಗದ ಹಾಗೆ ನೋಡಿಕೊಂಡಿದ್ದೆವು. ಹೆಲ್ಮೆಟ್ ಯಾಕೋ ಎಂದು ಕೇಳಿದ್ದಕ್ಕೆ ಫ್ಯಾಕ್ಟರಿಯ ರೂಲ್ಸು ಎಂದಿದ್ದೆ. ಮುಚ್ಚಿಡಲು ಕಾರಣವಿತ್ತು. ಕಾಗೆ ತಲೆಯನ್ನು ಮುಟ್ಟುವುದೆಂದರೆ ನಮ್ಮ ಕಡೆಯ ಹಿರಿಯರಿಗೆ ಸಾವಿನ ಮುನ್ಸೂಚನೆ. ಅದಕ್ಕೊಂದು ಪರಿಹಾರವೂ ಇದೆ. ಕಾಗೆ ಮುಟ್ಟಿಸಿಕೊಂಡವನು ಸತ್ತುಹೋದನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ಅಳಬೇಕು. ಆ ಕಣ್ಣೀರಿನಲ್ಲಿ ದೋಷ ಕಳೆದುಹೋಗುತ್ತದೆ. ಆಮೇಲೆ ನಿಜ ಹೇಳಿದರಾಯಿತು.

ಆ ಭಾನುವಾರ ಬೆಳಿಗ್ಗೆ ಗೇಟಿಗೆ ನೇತುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತರಲು ಹೋದೆ. ನಾಲ್ಕು ಹೆಜ್ಜೆ ತಾನೇ ಎಂದು ಹೆಲ್ಮೆಟ್ ಹಾಕಿಕೊಂಡಿರಲಿಲ್ಲ. ಕಾಗೆ ಈ ಸಲ ಏಟು ಕೊಟ್ಟು ಹೋಗಲಿಲ್ಲ. ತಲೆಯ ಮೇಲೆ ಕೂತು, ಉಗುರು ಊರಿ, ನಿಧಾನವಾಗಿ ಕುಕ್ಕಿತು. ಕಿರುಚಿಕೊಂಡು ಒಳಗೆ ಓಡಿ ಬಂದಾಗ ಅವ್ವ ತುಳಸಿಕಟ್ಟೆಯ ಹತ್ತಿರವೇ ನಿಂತಿದ್ದಳು. ಹಣೆಯ ಮೇಲೆ ರಕ್ತ ಇಳಿಯುತ್ತಿತ್ತು.

“ಏನಾಯ್ತೋ?”

“ಏನಿಲ್ಲವ್ವ, ಗೇಟು ತಗುಲ್ತು.”

“ಗೇಟಿಗೆ ರೆಕ್ಕೆ ಇತ್ತೇನೋ?”

ಎಲ್ಲವನ್ನೂ ನೋಡಿಬಿಟ್ಟಿದ್ದಳು. ಮೆಟ್ಟಿಲ ಮೇಲೆ ಕುಸಿದು ಕೂತಳು. ಜಯಮ್ಮನಿಗೆ ಫೋನ್ ಮಾಡು ಎಂದಳು. ಜಯ ನನ್ನ ತಂಗಿ, ಕೊಟ್ಟಿರುವುದು ದಾಬಸ್‌ಪೇಟೆಗೆ. ಮನೆಯವರೆಲ್ಲರಲ್ಲೂ ಅವಳದು ಬೇಗ ಕರಗುವ ಮನಸ್ಸು, ಚೆನ್ನಾಗಿ ಅಳುತ್ತಾಳೆ ಎಂಬುದು ಅವ್ವನ ಆಯ್ಕೆಗೆ ಕಾರಣ.

ನಾನು ರೇಗಿದೆ. “ಯಾವ ಕಾಲದಲ್ಲಿದೀಯವ್ವ? ಬದುಕಿರೋನ್ನ ಸತ್ತ ಅಂತ ಹೇಳಕ್ಕಾಗುತ್ತಾ?”

“ನಿಮ್ಮಪ್ಪಂಗೂ ಮುಟ್ಟಿತ್ತು” ಎಂದಳು ಅವ್ವ. “ಹೊಲದ ಬದುವಿನ ಮೇಲೆ. ನಮ್ಮಣ್ಣನ ಮನೆಗೆ ಹೇಳ್ಕಳ್ಸಿ ಅಂತ ಬಡ್ಕೊಂಡೆ. ನಕ್ಕುಬಿಟ್ರು. ಆ ಮಳೆಗಾಲ ದಾಟ್ಲಿಲ್ಲ.”

“ಅಪ್ಪಂದು ಹಾರ್ಟ್ ಅಟ್ಯಾಕ್ ಅವ್ವ. ಕಾಗೆಗೂ ಅದಕ್ಕೂ ಏನ್ ಸಂಬಂಧ?”

“ಇಲ್ದಿದ್ರೆ ಇಲ್ಲ. ಒಂದ್ ಮಾತು ಹೇಳಿಕಳ್ಸಕ್ಕೆ ಅವ್ರಿಗೇನ್ ಕಷ್ಟ ಇತ್ತು? ನನ್ ಸಮಾಧಾನಕ್ಕಾದ್ರೂ?”

ಅವ್ವ ಕಾಫಿ ಮುಟ್ಟಲಿಲ್ಲ. ತಿಂಡಿ ಮುಟ್ಟಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ. ನೋಡನೋಡುತ್ತ ನಡುಗಲು ಶುರುವಾಯಿತು. ಸುಜಾತ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತೇ ಇದ್ದಳು. “ಒಪ್ಕೊಂಡ್ಬಿಡ್ರೀ” ಎಂದಳು ಮೆಲ್ಲಗೆ. ಒಪ್ಪಿದೆ.

ಈಗ ನನ್ನ ಸಾವಿನ ಸುದ್ದಿ ಹೇಳುವವರು ಯಾರು? ಗಂಡನ ಬಗ್ಗೆ ಅಂಥ ಮಾತು ತನ್ನ ಬಾಯಲ್ಲಿ ಬರುವುದಿಲ್ಲ ಎಂದಳು ಸುಜಾತ. ನಾನೇ ಹೇಳೋಣವೆಂದರೆ ದನಿ ಗುರುತು ಸಿಗುತ್ತದೆ. ಕೊನೆಗೆ ಅವ್ವನೇ ಹೇಳುವುದೆಂದಾಯಿತು. ಜಯ ಅಳಲು ಶುರುಮಾಡಿದ ತಕ್ಷಣ ನಾನು ಫೋನು ಇಸಕೊಂಡು, “ನಾನು ಚೆನ್ನಾಗಿದೀನಿ ಕಣೇ” ಎನ್ನಬೇಕು. ಮಗಳು ಗಾಬರಿಯಾಗದಿರಲೆಂದು ಸುಜಾತ ಮೊದಲೇ ಕೋಲಾರಕ್ಕೆ ಫೋನ್ ಮಾಡಿ ಎಲ್ಲವನ್ನೂ ತಿಳಿಸಿದಳು. ಆ ಕಡೆಯಿಂದ ದೀಪ ಬಿದ್ದು ಬಿದ್ದು ನಗುತ್ತಿದ್ದದ್ದು ನನಗೂ ಕೇಳಿಸಿತು.

ಅವ್ವ ಫೋನನ್ನು ಕಿವಿಗಿಟ್ಟುಕೊಂಡಳು. “ಜಯಾ... ನಿಮ್ಮಣ್ಣ ಕಣವ್ವ... ರಾಮು... ಹೋಗ್ಬಿಟ್ಟ ಕಣವ್ವ...”

ಅಷ್ಟು ಹೇಳಿದ್ದೇ ಅವಳಿಗೆ ನಿಜವಾಗಿಯೂ ಅಳು ಬಂದುಬಿಟ್ಟಿತು. ಎದುರಿಗೆ ನಾನು ಬನಿಯನ್ನಿನಲ್ಲಿ ಕೂತಿದ್ದೇನೆ, ತಲೆಗೆ ಅರಿಶಿನ ಮೆತ್ತಿದೆ, ನನ್ನನ್ನೇ ನೋಡುತ್ತಾ ಎದೆ ಎದೆ ಬಡಿದುಕೊಂಡು ಅಳುತ್ತಿದ್ದಾಳೆ. ಫೋನು ಕೈಯಿಂದ ಜಾರಿತು. ನಾನು ಎತ್ತಿಕೊಳ್ಳುವಷ್ಟರಲ್ಲಿ ಆ ಕಡೆ ಒಂದು ದೊಡ್ಡ ಚೀತ್ಕಾರ ಕೇಳಿಸಿ ಲೈನು ಕಟ್ಟಾಯಿತು.

ತಕ್ಷಣ ತಿರುಗಿ ಫೋನ್ ಮಾಡಿದೆ. ಬಿಜಿ. ಮತ್ತೆ ಮಾಡಿದೆ. ಬಿಜಿ. ಜಯ ಅಳುತ್ತಾ ಕೂರುವ ಹೆಂಗಸಲ್ಲ, ಅಳುತ್ತಲೇ ಎಲ್ಲರಿಗೂ ಫೋನ್ ಮಾಡುವ ಹೆಂಗಸು ಎಂಬುದನ್ನು ನಾವು ಮರೆತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅವಳ ಫೋನು ಸ್ವಿಚ್ ಆಫ್ ಆಯಿತು. ಅವಳ ಮಗ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನನ್ನ ಫೋಟೋ ಹಾಕಿ, ಕೆಳಗೆ ಎರಡು ದೀಪ ಇಟ್ಟು, ‘ಓಂ ಶಾಂತಿ’ ಎಂದು ಬರೆದಿದ್ದ. ಯಾವ ಫೋಟೋ ಅಂತೀರಿ? ಅವನ ಗೃಹಪ್ರವೇಶದಲ್ಲಿ ನಾನು ಬಾಯಿ ಇಷ್ಟಗಲ ತೆರೆದು ಲಾಡು ತುರುಕಿಕೊಳ್ಳುತ್ತಿದ್ದದ್ದು. ಸಾಯುವುದಕ್ಕಿಂತ ಅದು ಹೆಚ್ಚು ನೋವು ಕೊಟ್ಟಿತು.

ನಾನು ಗುಂಪಿನಲ್ಲಿ, ‘ನಾನು ಬದುಕಿದ್ದೇನೆ, ಯಾರೂ ಗಾಬರಿಯಾಗಬೇಡಿ’ ಎಂದು ಬರೆದೆ. ಅದರ ಕೆಳಗೆ ಮತ್ತೆ ಸಾಲುಸಾಲಾಗಿ ‘ಓಂ ಶಾಂತಿ’ ಬಂದವು. ನಮ್ಮ ದೊಡ್ಡಪ್ಪನ ಮಗನೊಬ್ಬ, ‘ಸುಜಾತ, ಅವನ ಫೋನಿನಿಂದ ಹೀಗೆಲ್ಲ ಮೆಸೇಜ್ ಹಾಕಬೇಡಮ್ಮ. ನಿನ್ನ ಸಂಕಟ ಅರ್ಥವಾಗುತ್ತೆ. ಧೈರ್ಯ ತಂದುಕೋ’ ಎಂದು ಬುದ್ಧಿ ಹೇಳಿದ. ಸುದ್ದಿ ಹೇಗೋ ಫ್ಯಾಕ್ಟರಿಗೂ ಮುಟ್ಟಿ, ನಮ್ಮ ಸ್ಟೋರ್ ಇನ್‌ಚಾರ್ಜ್ ಸುಜಾತಳಿಗೆ ಫೋನ್ ಮಾಡಿದರು. ನಾನೇ ಎತ್ತಿದೆ.

“ಬಾಡಿ ಎಲ್ಲಿದೆ?” ಎಂದರು ಅವರು ದುಃಖದ ದನಿಯಲ್ಲಿ.

“ಸಾರ್, ನಾನೇ ಸಾರ್, ರಾಮಚಂದ್ರ.”

“ಅದೇ, ರಾಮಚಂದ್ರ ಅವರದ್ದೇ. ಎಲ್ಲಿದೆ?”

ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅರ್ಥವಾದ ಮೇಲೆ ಅವರು ಸಂತೋಷಪಡಲಿಲ್ಲ. ಸೋಮವಾರ ಸ್ಟೋರಿಗೆ ಬೇರೆ ಯಾರನ್ನೋ ಹಾಕಿಬಿಟ್ಟಿದ್ದರಂತೆ. “ಸರಿ, ನಾಳೆ ಬಂದುಬಿಡಿ” ಎಂದು ಬೇಸರದಿಂದ ಹೇಳಿ ಇಟ್ಟರು.

ಆಗ ಸುಜಾತ ಮೆತ್ತಗೆ ಕೇಳಿದಳು: “ರೀ, ಜಯ ಊರಿಗೂ ಫೋನ್ ಮಾಡಿರ್ತಾಳಲ್ವಾ?”

ಊರು ಎಂದರೆ ನಂಜಣ್ಣ. ನಂಜಣ್ಣ ನನ್ನ ಜೊತೆ ಮಾತು ಬಿಟ್ಟು ಕೆಲವು ವರ್ಷಗಳೇ ಆಗಿದ್ದವು. ದೀಪಳ ಮದುವೆಯ ದಿನ ಛತ್ರದಲ್ಲಿ ಅವನನ್ನು ಯಾರೂ ಬಂದು ಊಟಕ್ಕೆ ಏಳು ಎಂದು ಕರೆಯಲಿಲ್ಲವಂತೆ. ಒಂದು ಪಂಕ್ತಿ ಆಯಿತು, ಎರಡಾಯಿತು, ಕುರ್ಚಿಯಲ್ಲೇ ಕೂತಿದ್ದು, ಹೆಗಲ ಮೇಲೆ ಟವೆಲು ಹಾಕಿಕೊಂಡು ಹಸಿದ ಹೊಟ್ಟೆಯಲ್ಲೇ ಊರಿಗೆ ಹೊರಟುಹೋದ. ಅವನು ಹುಡುಗಿಯ ದೊಡ್ಡಪ್ಪ, ನಿಂತು ನಾಲ್ಕು ಜನರನ್ನು ಕರೆಯಬೇಕಾದವನು, ಅವನನ್ನೇ ಕರೆಯುವುದೇನು ಎಂಬುದು ನನ್ನ ವಾದ. ಇವತ್ತಿಗೂ ನನ್ನ ವಾದ ಅದೇ. ಇಬ್ಬರೂ ಬಿಡಲಿಲ್ಲ. ಈಗಿನ ಮನೆ ನಾವು ಆಮೇಲೆ ಮಾಡಿದ್ದು, ಇದರ ಹೊಸ್ತಿಲನ್ನು ಅವನು ತುಳಿದಿರಲಿಲ್ಲ.

ಅವನ ಫೋನು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಅತ್ತಿಗೆಗೆ ಮಾಡಿದೆ. ನನ್ನ ದನಿ ಕೇಳಿ ಅವಳು ಮೊದಲು ಕಿರುಚಿದಳು. ನಿಜ ಹೇಳಿದ ಮೇಲೆ ಬೈದಳು. ಆಮೇಲೆ, “ಅಯ್ಯೋ, ಅವ್ರು ಆಗ್ಲೇ ಹೊರಟೋದ್ರಲ್ಲಪ್ಪ! ಫೋನು ಪಂಪ್‌ಹೌಸಲ್ಲೇ ಬಿಟ್ಟು ಹೋಗವ್ರೆ. ತೋಟದಲ್ಲಿ ಹೂವ ಬಿಡಿಸ್ತಿದ್ರು. ಸುದ್ದಿ ಹೇಳ್ದೆ, ಹಂಗೇ ಮಣ್ಣಲ್ಲಿ ಕೂತ್ಕೊಂಬಿಟ್ರು. ಆಮೇಲೆ ಗೂಡ್ಸ್ ಆಟೋ ಹತ್ಕೊಂಡು ಹೋದ್ರು” ಎಂದಳು.

ಅವನು ನೇರವಾಗಿ ಒಳಗೆ ಬಂದು ಹೆಣ ಹುಡುಕುವುದಕ್ಕಿಂತ, ನಾನೇ ಬೀದಿಯಲ್ಲಿ ನಿಂತಿದ್ದರೆ ದೂರದಿಂದಲೇ ಕಂಡು ಸಮಾಧಾನವಾಗಲಿ ಎಂದು ಯೋಚಿಸಿದೆ. ಮರದ ಮೇಲೆ ಕಾಗೆಗಳೆರಡೂ ಸಿದ್ಧವಾಗಿ ಕೂತಿದ್ದವು. ಹೆಲ್ಮೆಟ್ ಹಾಕಿಕೊಂಡು ಗೇಟಿನ ಹೊರಗೆ ನಿಂತೆ.

ಗೂಡ್ಸ್ ಆಟೋ ಬಂತು. ನಂಜಣ್ಣ ಇಳಿದ. ತಲೆಯೆಲ್ಲ ಎಷ್ಟು ಬೆಳ್ಳಗಾಗಿಬಿಟ್ಟಿತ್ತು! ಮೊಣಕಾಲಿನವರೆಗೆ ಮೇಲೆ ಕಟ್ಟಿದ ಪಂಚೆ, ಪಾದದಲ್ಲಿ ಚಪ್ಪಲಿಯೂ ಇಲ್ಲ, ತೋಟದ ಮಣ್ಣು ಹಾಗೇ ಇತ್ತು. ಆಟೋದಿಂದ ಒಂದು ದೊಡ್ಡ ಮೂಟೆಯನ್ನು ಎಳೆದು ಹೆಗಲಿಗೆ ಹಾಕಿಕೊಂಡ. ಅದರ ಬಾಯಿಂದ ಹಳದಿ ಸೇವಂತಿಗೆ ಉದುರುತ್ತಿತ್ತು. ಮಾರ್ಕೆಟ್ಟಿಗೆಂದು ಬಿಡಿಸಿದ್ದ ಹೂವನ್ನು ಅಷ್ಟೂ ತುಂಬಿಕೊಂಡು ಬಂದಿದ್ದ. ಗೇಟಿನ ಮುಂದೆ ನಿಂತಿದ್ದ ನನ್ನನ್ನು ಯಾರೋ ಗಾಡಿಯವನೆಂದು ತಿಳಿದು ಕೇಳಿದ:

“ಏನಪ್ಪಾ, ರಾಮಚಂದ್ರನ ಮನೆ ಇದೇ ತಾನೆ? ಆಸ್ಪತ್ರೆಯಿಂದ ತಂದ್ರಾ?”

“ತಂದಿಲ್ಲಣ್ಣ” ಎಂದೆ.

ಅವನು ಎರಡು ಹೆಜ್ಜೆ ಮುಂದೆ ಹೋದವನು ನಿಂತ. ತಿರುಗಿದ. ಮೂಟೆ ಹೆಗಲಿನಿಂದ ಜಾರಿ ಬಿತ್ತು.

“ಅದನ್ನ ತೆಗಿ.”

“ಅಣ್ಣ, ಒಳಗೆ ಬಾ, ಹೇಳ್ತೀನಿ. ಇಲ್ಲಿ ತೆಗಿಯಕ್ಕಾಗಲ್ಲ.”

“ತೆಗಿಯೋ ಅಂದ್ರೆ! ಮುಖ ನೋಡ್ಬೇಕು.”

ತೆಗೆದೆ. ಅವನು ನನ್ನ ಮುಖವನ್ನು ನೋಡುತ್ತಾ ನಿಂತ. ಕೈ ಎತ್ತಿದ, ಹೊಡೆಯುವುದಕ್ಕೋ ಮುಟ್ಟುವುದಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮೇಲಿನಿಂದ ಕಾಗೆ ಎರಗಿತು.

ಆಮೇಲೆ ನಡೆದದ್ದನ್ನು ನಮ್ಮ ಬೀದಿಯವರು ಇನ್ನೂ ಹೇಳಿಕೊಳ್ಳುತ್ತಾರೆ. ನಂಜಣ್ಣ ಹೆಗಲ ಮೇಲಿನ ಟವೆಲನ್ನು ಎಳೆದು ಗಿರಗಿರನೆ ಬೀಸುತ್ತಾ ಕಾಗೆಯ ಹಿಂದೆ ಬಿದ್ದ. “ಲೇ, ನನ್ ತಮ್ಮನ ಮೈ ಮುಟ್ತೀಯೇನ್ಲಾ! ಬಾರ್ಲಾ ಕೆಳಗೆ! ಕತ್ತು ಮುರೀತೀನಿ!” ಎಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಓಡಿದ. ಎರಡನೆಯ ಕಾಗೆ ಅವನ ನೆತ್ತಿಗೂ ಒಂದು ಕೊಟ್ಟಿತು. ಅವನು ಮರವನ್ನು ಒದ್ದ. ಬರಿಗಾಲು, ನೋವಾಗಿ ಕುಂಟಿದ. ಎಲ್ಲ ಕಿಟಕಿಗಳೂ ತೆರೆದುಕೊಂಡವು. ನಾನು ಅವನ ರಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಹೂವಿನ ಮೂಟೆಯನ್ನು ಎಳೆದುಕೊಂಡು ಒಳಗೆ ತಂದು ಬಾಗಿಲು ಹಾಕಿದೆ.

ಒಳಗೆ ಬಂದ ಮೇಲೆ ವಿಷಯ ತಿಳಿದು ಅವನ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. “ಬದುಕಿದ್ದಾಗ ಊಟಕ್ಕೆ ಕರೀಲಿಲ್ಲ, ಸತ್ತೆ ಅಂತ ಕರೆಸ್ಕೊಂಡ್ಯಾ? ದಾರಿ ಉದ್ದಕ್ಕೂ ಆಟೋದಲ್ಲಿ ಆ ಡ್ರೈವರ್ ಮುಂದೆ ಮಗು ಥರ ಅತ್ಕೊಂಡು ಬಂದಿದೀನಿ ಕಣೋ!”

ಅವ್ವ ಮೂಲೆಯಿಂದ, “ಅತ್ಯಾ? ಚೆನ್ನಾಗಿ ಅತ್ಯಾ?” ಎಂದು ಆಸೆಯಿಂದ ಕೇಳಿದಳು. ಅತ್ತನೆಂದು ಖಾತ್ರಿಯಾದ ಮೇಲೆ, “ಸದ್ಯ, ಕಳೀತು” ಎಂದು ಉಪ್ಪಿಟ್ಟಿನ ತಟ್ಟೆಯನ್ನು ತಾನೇ ಎಳೆದುಕೊಂಡಳು.

ನಂಜಣ್ಣ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಬಿಕ್ಕಲು ಶುರುಮಾಡಿದ. ಅವ್ವ ತಿನ್ನುತ್ತಲೇ ಅವನ ಬೆನ್ನು ಸವರುತ್ತಿದ್ದಳು. ನನಗೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ.

ಮಧ್ಯಾಹ್ನ ಸುಜಾತ ಎಲೆ ಹಾಕಿ, “ಏಳಿ ಬಾವ, ಊಟಕ್ಕೆ” ಎಂದಳು. ಅವನು ಏಳಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತ. ಅವನು ಯಾತಕ್ಕೆ ಕಾಯುತ್ತಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ಸುಜಾತ ನನ್ನನ್ನು ನೋಡಿದಳು. ಅವ್ವ ನೋಡಿದಳು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ವಾದ, ಸಾಂಬಾರಿನ ವಾಸನೆಯ ಮಧ್ಯೆ ನಿಂತಿತ್ತು.

“ಅಣ್ಣ, ಊಟಕ್ಕೆ ಬಾ” ಎಂದೆ.

“ಏನಂದೆ? ಕೇಳಿಸ್ಲಿಲ್ಲ” ಎಂದ ಅವನು ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ.

ಕೇಳಿಸಿತ್ತು. ಪಕ್ಕದ ಮನೆಗೂ ಕೇಳಿಸಿತ್ತು. ಹಲ್ಲು ಕಚ್ಚಿಕೊಂಡು ಇನ್ನೊಂದು ಸಲ ಕೂಗಿ ಹೇಳಿದೆ. ಎದ್ದು ಬಂದು ಕೂತ. ಎರಡು ಸಲ ಸಾರು ಹಾಕಿಸಿಕೊಂಡ.

ನಾವಿಬ್ಬರೂ ಮಜ್ಜಿಗೆಗೆ ಬಂದಿದ್ದಾಗ ಜಯ ಬಂದಳು. ಸಿಕ್ಕಿದ ಬಸ್ಸು ಹತ್ತಿ, ದೊಡ್ಡಬಳ್ಳಾಪುರದಲ್ಲಿ ಒಂದು, ದೇವನಹಳ್ಳಿಯಲ್ಲಿ ಒಂದು ಬದಲಾಯಿಸಿ, ದಾರಿಯುದ್ದಕ್ಕೂ ಅತ್ತು ಮುಖ ಊದಿಸಿಕೊಂಡು ಒಳಗೆ ನುಗ್ಗಿದವಳು, ಸತ್ತವನು ಎಲೆಯಲ್ಲಿ ಅನ್ನ ಕಲಸುತ್ತಿರುವುದನ್ನೂ ಪಕ್ಕದಲ್ಲಿ ನಂಜಣ್ಣ ಉಪ್ಪಿನಕಾಯಿ ನೆಕ್ಕುತ್ತಿರುವುದನ್ನೂ ನೋಡಿದಳು. ಕೈಯಲ್ಲಿದ್ದ ಬ್ಯಾಗಿನಿಂದ ನನ್ನ ಬೆನ್ನಿಗೆ ಬಾರಿಸಿದಳು. ಆಮೇಲೆ ನಂಜಣ್ಣನಿಗೂ ಬಾರಿಸಿದಳು. “ನಂಗ್ಯಾಕೇ?” ಎಂದ ಅವನು. “ನೀನ್ಯಾಕೆ ಊಟ ಮಾಡ್ತಿದೀಯ?” ಎಂದಳು.

ನನ್ನ ಹೆಣಕ್ಕೆಂದು ಬಂದ ಹೂವನ್ನು ಅತ್ತೆ, ಸೊಸೆ, ನಾದಿನಿ ಮೂವರೂ ಸೇರಿ ಸಂಜೆಯವರೆಗೆ ಕಟ್ಟಿದರು. ಬೀದಿಯ ಒಂದೊಂದು ಮನೆಗೂ ಒಂದೊಂದು ಮಾರು ಹೋಯಿತು. ಅವ್ವ ಒಂದು ಹಾರವನ್ನು ಹೊಂಗೆಮರದ ಕಾಂಡಕ್ಕೆ ಹಾಕಿಸಿದಳು. ಕಾಗೆಗಳು ಅದನ್ನು ಬಿಡಿಬಿಡಿಸಿ ಗೂಡಿಗೆ ಹಾಸಿಕೊಂಡವು.

ಮರಿಗಳು ಹಾರಿಹೋಗಿ ಈಗ ತಿಂಗಳುಗಳಾದವು. ಕಾಗೆಗಳ ಕೋಪ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಇನ್ನೊಂದು ಶುರುವಾಗಿದೆ. ದಿನಾ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ನಂಜಣ್ಣನ ಫೋನು ಬರುತ್ತದೆ.

“ಇದ್ದೀಯೇನೋ?”

“ಇದ್ದೀನಿ ಕಣಣ್ಣ.”

“ಸರಿ.” ಇಟ್ಟುಬಿಡುತ್ತಾನೆ.

ಭಾನುವಾರವೂ ಬಿಡುವುದಿಲ್ಲ, ಹಬ್ಬದ ದಿನವೂ ಬಿಡುವುದಿಲ್ಲ. ಒಂದು ಸಲ ಸ್ನಾನಕ್ಕೆ ಹೋಗಿದ್ದಾಗ ಫೋನು ಎತ್ತಲಾಗದೆ, ಮೈ ಒರೆಸಿಕೊಂಡು ಬರುವಷ್ಟರಲ್ಲಿ ಅತ್ತಿಗೆ, ಜಯ, ದೀಪ ಮೂವರೂ ಸುಜಾತಳಿಗೆ ಫೋನ್ ಮಾಡಿಯಾಗಿತ್ತು. ಫೋನನ್ನು ಬಚ್ಚಲುಮನೆಗೇ ಒಯ್ಯುವ ಹಾಗಾಯಿತು. “ನಿಂಗೆ ಬೇರೆ ಕೆಲಸ ಇಲ್ವೇನಣ್ಣ, ನಿದ್ದೆ ಮಾಡಕ್ಕೆ ಬಿಡು” ಎಂದು ಬೈದೆ. “ಬದುಕಿದ್ದಾಗ್ಲೇ ಮಾತಾಡ್ಬೇಕು ಕಣೋ” ಎಂದು ಮಾರನೆಯ ದಿನ ಇನ್ನೂ ಬೇಗ ಮಾಡಿ ಎಬ್ಬಿಸಿದ.

ಹೋದ ವಾರ ಒಂದು ಬೆಳಿಗ್ಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಫೋನು ಬಂದಿರಲಿಲ್ಲ. ಒಳ್ಳೆಯದಾಯಿತು ಎಂದು ಮಗ್ಗುಲು ಬದಲಿಸಿದೆ. ನಿದ್ದೆ ಬರಲಿಲ್ಲ. ಎದ್ದು ಫೋನಿನಲ್ಲಿ ಚಾರ್ಜ್ ಇದೆಯೇ ನೋಡಿದೆ. ಇತ್ತು. ಕಾಫಿ ಮುಂದಿಟ್ಟುಕೊಂಡು ಕೂತೆ, ಆರಿಹೋಯಿತು. ಸುಜಾತ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ನಾನೇ ಫೋನ್ ಮಾಡಿದೆ. ಹೊಡೆದುಕೊಳ್ಳುತ್ತಲೇ ಇತ್ತು. ಇಟ್ಟು ಎರಡನೆಯ ಸಲ ಮಾಡಿದೆ.

ಎತ್ತಿದ. “ಏನೋ?” ಎಂದ ಏದುಸಿರು ಬಿಡುತ್ತಾ.

“ಏನೋ ಅಂತೀಯಾ? ಯಾಕೆ ಫೋನ್ ಮಾಡ್ಲಿಲ್ಲ?” ನಾನು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. “ಇಲ್ಲಿ ನಮಗೆ ಜೀವ ಹೋಗಿತ್ತು!”

“ಹಸು ಈಯ್ತಾ ಇದೆ ಕಣೋ. ಕರೂಂದು ಕಾಲು ಅಡ್ಡ ಸಿಕ್ಕಾಕ್ಕೊಂಡೈತೆ. ನೀನು ಇದ್ದೀಯೋ ಇಲ್ವೋ ಅಂತ ಕೇಳಕ್ಕೆ ಪುರುಸೊತ್ತಿಲ್ಲ ಈಗ, ಇಡು!”

ಇಟ್ಟುಬಿಟ್ಟ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಫ್ಯಾಕ್ಟರಿಗೆ ರಜ ಹೇಳಿ, ಸುಜಾತ ಯಾಕೆ ಏನು ಎಂದು ಕೇಳುವ ಮೊದಲೇ ಸೂಲಿಬೆಲೆ ಬಸ್ಸು ಹತ್ತಿಬಿಟ್ಟೆ. ಹೋಗಿ ಮುಖದ ಮೇಲೆ ಉಗಿದು ಬರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕೊಟ್ಟಿಗೆಗೆ ಕಾಲಿಟ್ಟಾಗ ಅವನು ಒದ್ದೆ ನೆಲದ ಮೇಲೆ ಮಂಡಿಯೂರಿ, ಮೊಣಕೈವರೆಗೂ ರಕ್ತ ಮಾಡಿಕೊಂಡು ಕೂತಿದ್ದ. ತಲೆ ಎತ್ತಿ ನನ್ನನ್ನು ನೋಡಿದ.

“ನಿಂತ್ಕೊಂಡು ಏನ್ ನೋಡ್ತೀಯ? ಅಂಗಿ ತೆಗೆದಿಟ್ಟು ಈ ಕಾಲು ಹಿಡ್ಕೋ ಬಾ” ಎಂದ.

ಅಂಗಿ ತೆಗೆದಿಟ್ಟೆ.